ಡಿ'ಸೋಜ ಹೆಸರೂ ಉಳಿಯಬೇಕು, ಡೇಟಾಬೇಸೂ ಉಳಿಯಬೇಕು

ಮಂಗಳೂರು ಕಡೆ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಎಂಬ ಕುಟುಂಬದ ಹೆಸರುಗಳು ಊರೂರಲ್ಲೂ ಇವೆ. ಈ ಹೆಸರಿನವರು ಆನ್‌ಲೈನ್ ಅರ್ಜಿ ತುಂಬಲು ಕೂತರೆ ಒಂದಲ್ಲ ಒಂದು ತೊಂದರೆ ಎದುರಾಗುವುದುಂಟು. ಕೆಲವು ಫಾರ್ಮ್‌ಗಳು ‘ಹೆಸರಿನಲ್ಲಿ ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’ ಎಂದು ಅರ್ಜಿಯನ್ನೇ ತಿರಸ್ಕರಿಸುತ್ತವೆ. ಕೆಲವು ಅರ್ಜಿ ತೆಗೆದುಕೊಳ್ಳುತ್ತವೆ, ಆದರೆ ರಸೀದಿಯಲ್ಲಿ ಡಿ\'ಸೋಜ ಎಂದೋ ಡಿ&#039;ಸೋಜ ಎಂದೋ ಮುದ್ರಿಸುತ್ತವೆ. ಇನ್ನು ಕೆಲವು ಕಡೆ ‘ಸಲ್ಲಿಸಿ’ ಒತ್ತಿದ ಕೂಡಲೇ ಡೇಟಾಬೇಸ್ ಎರರ್ ತೆರೆಯ ಮೇಲೆ ಬಂದು ನಿಲ್ಲುತ್ತದೆ.

ಈ ಮೂರನೆಯದು ಬರೀ ತೊಂದರೆಯಲ್ಲ, ಸೈಟಿನ ಬಾಗಿಲು ತೆರೆದೇ ಇದೆ ಎಂಬುದಕ್ಕೆ ಸಾಕ್ಷಿ. ಸಾಮಾನ್ಯ ಅರ್ಜಿದಾರರೊಬ್ಬರ ಹೆಸರಿಗೇ ಕ್ವೆರಿ (ಡೇಟಾಬೇಸ್‌ಗೆ ಸೈಟ್ ಕಳುಹಿಸುವ ಆದೇಶ) ಮುರಿದು ಬೀಳುತ್ತದೆ ಎಂದರೆ, ಬೇಕೆಂದೇ ಮುರಿಯಲು ಬಂದವರು ಅದನ್ನು ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಲ್ಲರು. ಆದರೆ ಮೂರು ತೊಂದರೆಗಳಿಗೂ ಬೇರು ಒಂದೇ. ಹೊರಗಿನಿಂದ ಬಂದ ಮಾಹಿತಿಯನ್ನು ಪರೀಕ್ಷಿಸುವುದು ಒಂದು ಕೆಲಸ, ಅದನ್ನು ಬಳಸುವಾಗ ಅಪಾಯವಾಗದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಇವೆರಡನ್ನೂ ಸೇರಿಸಿ ‘ಇನ್‌ಪುಟ್ ಕ್ಲೀನ್ ಮಾಡುವುದು’ ಎಂಬ ಒಂದೇ ಕೆಲಸ ಮಾಡಿಬಿಟ್ಟಾಗ ಹೀಗೆಲ್ಲ ಆಗುತ್ತದೆ. ಮಾಹಿತಿ ಒಳಗೆ ಬರುವಾಗ, ನಾವು ಕೇಳಿದ್ದಕ್ಕೆ ಇದು ಉತ್ತರ ಹೌದೋ ಅಲ್ಲವೋ ಎಂದು ನೋಡಬೇಕು. ಅದು ಮುಂದೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ತಕ್ಕ ಎಚ್ಚರಿಕೆಯನ್ನು ಹೊರಗೆ ಹೋಗುವ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಈ ಲೇಖನದಲ್ಲಿ ಬಿಡಿಸಿ ಹೇಳಲು ಹೊರಟಿರುವುದು ಇದನ್ನೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಸೈಟನ್ನು ಕಲ್ಪಿಸಿಕೊಳ್ಳೋಣ. ಒಂದು ಕೃಷಿ ಪತ್ತಿನ ಸಹಕಾರ ಸಂಘ, ಸದಸ್ಯರು ಬೆಳೆ ಸಾಲಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಪುಟ. ಹೆಸರು, ಮೊಬೈಲ್, ಪಿನ್ ಕೋಡ್, ಸರ್ವೆ ನಂಬರ್, ಷರಾ ಬರೆಯಲು ಒಂದು ಪೆಟ್ಟಿಗೆ, ಪಹಣಿ ಅಪ್‌ಲೋಡ್ ಮಾಡಲು ಒಂದು ಗುಂಡಿ. ಸಂಘದ ಕಾರ್ಯದರ್ಶಿಗೆ ಅರ್ಜಿಗಳ ಪಟ್ಟಿ ಕಾಣುವ ಇನ್ನೊಂದು ಪುಟ. ಪುಟಗಳ ಹಿಂದೆ ಕೆಲಸ ಮಾಡುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ಪಿಎಚ್‌ಪಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಈ ವಿಷಯದಲ್ಲಿ ಅದು ಎಡವಿದ್ದೂ ತಿದ್ದಿಕೊಂಡಿದ್ದೂ ನಮಗೆ ಒಳ್ಳೆಯ ಪಾಠ.

ಯಾವುದೆಲ್ಲ ಹೊರಗಿನದು?

ಫಾರ್ಮ್‌ನಲ್ಲಿ ಟೈಪ್ ಮಾಡಿದ್ದು ಮಾತ್ರ ಇನ್‌ಪುಟ್ ಎಂದು ಹೊಸಬರು ತಿಳಿಯುತ್ತಾರೆ. ಬ್ರೌಸರ್‌ನಿಂದ ಸರ್ವರ್‌ಗೆ ಬರುವ ರಿಕ್ವೆಸ್ಟ್‌ನ ಪ್ರತಿಯೊಂದು ಅಕ್ಷರವೂ ಇನ್‌ಪುಟ್ಟೇ. ವಿಳಾಸದ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವುದು, ಕುಕಿ, ರಿಕ್ವೆಸ್ಟ್‌ನ ತಲೆಯಲ್ಲಿ ಬರುವ ಹೆಡರ್ ಎಂಬ ಸಾಲುಗಳು, ಅಪ್‌ಲೋಡ್ ಆದ ಕಡತದ ಹೆಸರು, ಕಡತ ಯಾವ ಬಗೆಯದು ಎಂದು ಬ್ರೌಸರ್ ಹೇಳುವ ಮಾತು, ಮರೆಯಲ್ಲಿಟ್ಟ ಹಿಡನ್ ಫೀಲ್ಡ್, ಡ್ರಾಪ್‌ಡೌನ್‌ನ ಆಯ್ಕೆ ಎಲ್ಲವೂ. ಡ್ರಾಪ್‌ಡೌನ್‌ನಲ್ಲಿ ನಾವು ಕೊಟ್ಟದ್ದು ನಾಲ್ಕೇ ಬೆಳೆಯ ಹೆಸರಿರಬಹುದು. ಆದರೆ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಐದನೆಯದನ್ನು ಬರೆದು ಕಳುಹಿಸಲು ಅರ್ಧ ನಿಮಿಷ ಸಾಕು. ಬಡ್ಡಿ ದರವನ್ನೋ ಸಾಲದ ಮಿತಿಯನ್ನೋ ಹಿಡನ್ ಫೀಲ್ಡ್‌ನಲ್ಲಿಟ್ಟು ಮರಳಿ ಬಂದದ್ದನ್ನು ನಂಬಿದರೆ, ಆ ಅಂಕಿಯನ್ನು ನಿರ್ಧರಿಸುವವರು ಅರ್ಜಿದಾರರೇ ಆಗುತ್ತಾರೆ.

ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಮಾಡುವ ಪರೀಕ್ಷೆಗೂ ಇದೇ ಮಾತು. ಅದು ಅರ್ಜಿ ತುಂಬುವವರಿಗೆ ತಕ್ಷಣ ತಪ್ಪು ತೋರಿಸುವ ಸೌಜನ್ಯ. ಅದು ಬೇಕು. ಆದರೆ ಬ್ರೌಸರ್ ಅನ್ನೇ ಬಳಸದೆ ನೇರ ಸರ್ವರ್‌ಗೆ ರಿಕ್ವೆಸ್ಟ್ ಕಳುಹಿಸುವವರ ಮುಂದೆ ಅದು ಇಲ್ಲದಂತೆಯೇ. ಪ್ರತಿಯೊಂದು ಪರೀಕ್ಷೆಯನ್ನೂ ಸರ್ವರ್‌ನಲ್ಲಿ ಮತ್ತೆ ಮಾಡಬೇಕು.

ಹೆಡರ್ ಕೂಡ ಇನ್‌ಪುಟ್ ಎಂಬುದನ್ನು ಜಗತ್ತು ಕಲಿತದ್ದು ದೊಡ್ಡ ಬೆಲೆ ತೆತ್ತು. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳವಾಯಿತು. ಅಲ್ಲಿ ಬಳಕೆಯಲ್ಲಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶ, ರಿಕ್ವೆಸ್ಟ್‌ನ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಬಂದ ಪಠ್ಯವನ್ನು ಎರರ್ ಸಂದೇಶ ತಯಾರಿಸುವಾಗ ಆದೇಶವೆಂದು ಓದಿ ನಡೆಸಿಬಿಡುತ್ತಿತ್ತು. ಸರಿಪಡಿಸಿದ ಆವೃತ್ತಿ ಮಾರ್ಚ್‌ನಲ್ಲೇ ಬಂದಿತ್ತು, ಕಳ್ಳರು ಒಳನುಗ್ಗಿದ್ದು ಮೇ ತಿಂಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಲಾಗ್4ಶೆಲ್ ದೋಷದ ಕಥೆಯೂ ಇದೇ ಜಾತಿಯದು. ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಹೆಡರ್ ಅನ್ನು ಲಾಗ್ ಕಡತಕ್ಕೆ ಬರೆದುಕೊಂಡರೂ ಸಾಕಿತ್ತು, ಅದರೊಳಗೆ ಅಡಗಿದ್ದ ಆದೇಶ ಓಡುತ್ತಿತ್ತು.

ಕೇಳಿ ತೆಗೆದುಕೊಳ್ಳುವುದು

ಪಿಎಚ್‌ಪಿಯ ಹಳೆಯ ಆವೃತ್ತಿಗಳಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಎಂಬ ಸೌಲಭ್ಯವಿತ್ತು. ವಿಳಾಸದ ಸಾಲಿನಲ್ಲಿ ಯಾವ ಹೆಸರಿನಿಂದ ಏನು ಬಂದರೂ ಕೋಡಿನಲ್ಲಿ ಆ ಹೆಸರಿನ ವೇರಿಯಬಲ್ (ಬೆಲೆಯೊಂದನ್ನು ಹಿಡಿದಿಡುವ ಜಾಗ) ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ‘ಅಡ್ಮಿನ್=1’ ಎಂದು ವಿಳಾಸಕ್ಕೆ ಸೇರಿಸಿದರೆ, ಆ ವೇರಿಯಬಲ್‌ಗೆ ಮೊದಲೇ ಬೆಲೆ ಕೊಡಲು ಮರೆತ ಕೋಡಿನಲ್ಲಿ ಬಂದವರು ಅಡ್ಮಿನ್ ಆಗಿಬಿಡುತ್ತಿದ್ದರು. 2002ರಲ್ಲಿ 4.2 ಆವೃತ್ತಿ ಅದನ್ನು ಡಿಫಾಲ್ಟ್ ಆಗಿ ಆಫ್ ಮಾಡಿತು, 2012ರ 5.4ರಲ್ಲಿ ಪೂರ್ತಿ ತೆಗೆದುಹಾಕಿದರು. ಆದರೆ ಅದೇ ಬಗೆಯ ತಪ್ಪು ಬೇರೆ ವೇಷದಲ್ಲಿ ಉಳಿದಿದೆ. ಬಂದ ಫಾರ್ಮ್ ಅನ್ನು ಇಡಿಯಾಗಿ ಡೇಟಾಬೇಸ್‌ನ ಸಾಲಿಗೆ ಸುರಿಯುವ ಫ್ರೇಮ್‌ವರ್ಕ್‌ಗಳಿವೆ, ಅಂದರೆ ಸೈಟ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳು. 2012ರ ಮಾರ್ಚ್‌ನಲ್ಲಿ, ಡೆವಲಪರ್‌ಗಳು ಕೋಡ್ ಇಡುವ ಗಿಟ್‌ಹಬ್ ತಾಣದಲ್ಲೇ ಈ ದೋಷ ಬಳಸಿ ಸಂಶೋಧಕರೊಬ್ಬರು, ತಮ್ಮದಲ್ಲದ ರೈಲ್ಸ್ ಎಂಬ ಫ್ರೇಮ್‌ವರ್ಕ್‌ನ ಖಾತೆಗೆ ತಮ್ಮ ಕೀಲಿ ಸೇರಿಸಿ, ಅಲ್ಲಿನ ಕೋಡಿನಲ್ಲಿ ಒಂದು ಬದಲಾವಣೆ (ಕಮಿಟ್) ಮಾಡಿ ತೋರಿಸಿದರು.

ಹಾಗಾಗಿ ನಮಗೆ ಬೇಕಾದ ಫೀಲ್ಡ್‌ಗಳನ್ನು ಒಂದೊಂದಾಗಿ, ಹೆಸರು ಹಿಡಿದು, ಯಾವ ದಾರಿಯಿಂದ ಬರಬೇಕೋ ಆ ದಾರಿಯಿಂದಲೇ ತೆಗೆದುಕೊಳ್ಳಬೇಕು. ಗೆಟ್ (ವಿಳಾಸದ ಸಾಲಿನಿಂದ ಬಂದದ್ದು), ಪೋಸ್ಟ್ (ಫಾರ್ಮ್‌ನಿಂದ ಬಂದದ್ದು), ಕುಕಿ ಮೂರನ್ನೂ ಕಲಸಿ ಕೊಡುವ ರಿಕ್ವೆಸ್ಟ್ ಎಂಬ ಅರೇಯನ್ನು (ಹಲವು ಬೆಲೆಗಳ ಪಟ್ಟಿಯನ್ನು) ಮುಟ್ಟದಿರುವುದೇ ಒಳ್ಳೆಯದು. 2006ರ 5.2 ಆವೃತ್ತಿಯಿಂದ ಪಿಎಚ್‌ಪಿಯಲ್ಲಿ ಫಿಲ್ಟರ್_ಇನ್‌ಪುಟ್ ಎಂಬ ಫಂಕ್ಷನ್ ಇದೆ. ಎಲ್ಲಿಂದ, ಯಾವ ಹೆಸರಿನದು, ಯಾವ ಬಗೆಯದು ಎಂದು ಹೇಳಿದರೆ ಅದು ಪರೀಕ್ಷಿಸಿ ಕೊಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ, ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ. ಆ ಫೀಲ್ಡ್ ಬಂದೇ ಇಲ್ಲದಿದ್ದರೆ ಉತ್ತರ ನಲ್ (ಏನೂ ಇಲ್ಲ). ಬಂದದ್ದು ತಪ್ಪಾಗಿದ್ದರೆ ಉತ್ತರ ಫಾಲ್ಸ್ (ಸುಳ್ಳು). ಸಂಖ್ಯೆ ಸೊನ್ನೆಯೇ ಆಗಿದ್ದರೆ ಉತ್ತರ 0. ಬರೀ ‘ಇಫ್’ ಹಾಕಿದರೆ ಮೂರೂ ಒಂದೇ ಆಗಿ ಕಾಣುತ್ತವೆ, ಹಳೆಯ ಬಾಕಿ ಎಷ್ಟು ಎಂಬ ಜಾಗದಲ್ಲಿ 0 ಬರೆದ ರೈತರಿಗೆ ‘ಬಾಕಿ ನಮೂದಿಸಿ’ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತದೆ. ಮೂರು ಸಮ ಚಿಹ್ನೆಯ ಹೋಲಿಕೆ ಬಳಸಿ ಮೂರನ್ನೂ ಬೇರೆ ಮಾಡಬೇಕು.

ಇನ್ನೊಂದು ಅನಿರೀಕ್ಷಿತ: ಫೀಲ್ಡಿನ ಹೆಸರಿನ ಕೊನೆಗೆ [] ಸೇರಿಸಿ ಕಳುಹಿಸಿದರೆ ಪಿಎಚ್‌ಪಿಗೆ ಅದು ಪಠ್ಯವಲ್ಲ, ಅರೇ. ಪಠ್ಯ ಬರುತ್ತದೆಂದು ನಂಬಿದ ಕೋಡ್ ಅಲ್ಲಿ ಕುಸಿಯುತ್ತದೆ. ಮಾಂಗೋಡಿಬಿ ಎಂಬ ಡೇಟಾಬೇಸ್ ಬಳಸುವ, ನೋಡ್ ಎಂಬ ತಂತ್ರಾಂಶದ ಮೇಲೆ ಓಡುವ ಸೈಟುಗಳಲ್ಲಿ ಇದೇ ತಂತ್ರದಿಂದ ಪಾಸ್‌ವರ್ಡ್ ಜಾಗದಲ್ಲಿ ‘ಖಾಲಿಗೆ ಸಮವಲ್ಲದ್ದು’ ಎಂಬ ಷರತ್ತನ್ನೇ ತೂರಿಸಿ ಲಾಗಿನ್ ಆಗಲು ಸಾಧ್ಯವಾಗಿತ್ತು. ಬೆಲೆಯನ್ನು ನೋಡುವ ಮೊದಲು ಬಗೆಯನ್ನು ನೋಡಬೇಕು ಎನ್ನುವುದು ಇದಕ್ಕೇ.

ಕನ್ನಡ ಹೆಸರು ಎದುರಾದಾಗ

ಕೆಲವು ಫೀಲ್ಡ್‌ಗಳಿಗೆ ಗಟ್ಟಿಯಾದ ಆಕಾರವಿದೆ. ಪಿನ್ ಕೋಡ್ ಎಂದರೆ ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ. ಮೊಬೈಲ್ ಎಂದರೆ ಹತ್ತು ಅಂಕಿ, 6ರಿಂದ 9ರ ಒಳಗಿನ ಅಂಕಿಯಿಂದ ಶುರು. ಐಎಫ್‌ಎಸ್‌ಸಿ ಎಂದರೆ ಹನ್ನೊಂದು ಅಕ್ಷರ: ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಸೊನ್ನೆ, ಉಳಿದ ಆರು ಅಕ್ಷರವೋ ಅಂಕಿಯೋ. ಇಂಥವಕ್ಕೆ ಯಾವುದು ಬೇಡ ಎಂದು ಪಟ್ಟಿ ಮಾಡುವ ಗೋಜಿಲ್ಲ. ಯಾವುದು ಸರಿ ಎಂದು ಬರೆದು, ಉಳಿದದ್ದನ್ನೆಲ್ಲ ಹಿಂದಕ್ಕೆ ಕಳುಹಿಸಿದರಾಯಿತು. ಸರ್ವೆ ನಂಬರ್‌ಗೆ ಬಂದಾಗ ಪಟ್ಟಣದಲ್ಲಿ ಕೂತು ಕೋಡ್ ಬರೆಯುವವರು ತಪ್ಪುತ್ತಾರೆ. ‘ನಂಬರ್’ ಎಂದಿದೆಯಲ್ಲ ಎಂದು ಪೂರ್ಣಾಂಕದ ಪರೀಕ್ಷೆ ಹಾಕಿಬಿಡುತ್ತಾರೆ. 112/3 ಎಂದೋ 112/3ಎ ಎಂದೋ ಹಿಸ್ಸಾ ಸಮೇತ ಬರೆಯುವ ರೈತರ ಜಮೀನು ಆ ಫಾರ್ಮ್‌ಗೆ ಹಿಡಿಸುವುದೇ ಇಲ್ಲ.

ಹೆಸರು ಎಲ್ಲಕ್ಕಿಂತ ಕಷ್ಟ. ಎ-ಯಿಂದ-ಝಡ್ ಮಾತ್ರ ಎನ್ನುವ ನಿಯಮ ಕನ್ನಡವನ್ನು ಪೂರ್ತಿ ಹೊರಗಿಡುತ್ತದೆ. ಕನ್ನಡಕ್ಕೂ ಅವಕಾಶ ಕೊಡೋಣ ಎಂದು ಹೊರಟವರು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದ ಆಕಾರ ಹೇಳುವ ಸೂತ್ರದಲ್ಲಿ) ‘ಯೂನಿಕೋಡ್ ಅಕ್ಷರ’ ಎಂಬ ವರ್ಗವನ್ನು ಹಾಕುತ್ತಾರೆ. ಅಲ್ಲೊಂದು ವಿಚಿತ್ರ ಕಾಣುತ್ತದೆ. ಕಮಲ, ಶರಣ ಇಬ್ಬರೂ ಪಾಸಾಗುತ್ತಾರೆ. ಕಿರಣ, ರಮೇಶ, ಸುಮಾ ಪಾಸಾಗುವುದಿಲ್ಲ. ಯೂನಿಕೋಡ್ ಲೆಕ್ಕದಲ್ಲಿ ಕ, ಮ, ಲ ‘ಅಕ್ಷರ’ಗಳು. ಆದರೆ ಗುಡಿಸು, ಏತ್ವ, ಕೊಂಬು, ಸೊನ್ನೆ, ಒತ್ತಕ್ಷರ ಮೂಡಿಸುವ ಹಲಂತ ಎಲ್ಲವೂ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರಿವೆ. ಎರಡೂ ವರ್ಗಗಳನ್ನು ಸೇರಿಸಿದರೆ ಮಾತ್ರ ಕನ್ನಡ ಹೆಸರು ಪೂರ್ತಿಯಾಗುತ್ತದೆ.

ಉದ್ದದ ಮಿತಿಯಲ್ಲೂ ಇಂಥದ್ದೇ ಇದೆ. ಕೃಷ್ಣಮೂರ್ತಿ ಎಂಬ ಹೆಸರನ್ನು ನಾವು ಓದುವಾಗ ನಾಲ್ಕು ಅಕ್ಷರ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ 11. ಒಂದೊಂದು ಸಂಕೇತಕ್ಕೂ, ಅದನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ, ಮೂರು ಬೈಟ್ ಬೇಕಾದ್ದರಿಂದ ಒಟ್ಟು 33 ಬೈಟ್. ಪಿಎಚ್‌ಪಿಯ ಸ್ಟ್ರ್‌ಲೆನ್ ಎಣಿಸುವುದು ಬೈಟನ್ನು. ‘ಹೆಸರು 30 ದಾಟಬಾರದು’ ಎಂದು ಅದರಿಂದ ಅಳೆದು, ಹೆಚ್ಚಾದದ್ದನ್ನು ಕತ್ತರಿಸಿದರೆ ಉಳಿಯುವುದು ಕೃಷ್ಣಮೂರ್ತ. ಉದ್ದವನ್ನು, ಸಂಕೇತಗಳನ್ನು ಎಣಿಸುವ ಎಂಬಿ_ಸ್ಟ್ರ್‌ಲೆನ್‌ನಿಂದ ಅಳೆಯಬೇಕು, ಮಿತಿಯನ್ನು ಧಾರಾಳವಾಗಿಡಬೇಕು, ದಾಟಿದರೆ ಕತ್ತರಿಸದೆ ಅರ್ಜಿದಾರರಿಗೆ ಹೇಳಬೇಕು. ಸದ್ದಿಲ್ಲದೆ ತಿದ್ದುವ ಫಿಲ್ಟರ್ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒಬ್ಬರ ಹೆಸರನ್ನು ಅವರಿಗೆ ತಿಳಿಸದೆ ಬದಲಿಸಿ ಸಾಲದ ದಾಖಲೆಗೆ ಸೇರಿಸಿದರೆ, ಆಧಾರ್‌ಗೂ ಪಹಣಿಗೂ ಹೊಂದದ ಆ ಹೆಸರಿಗಾಗಿ ಅವರು ಮುಂದೆ ಕಚೇರಿಗಳನ್ನು ಸುತ್ತಬೇಕಾಗುತ್ತದೆ.

ಕಣ್ಣಿಗೆ ಕಾಣದ ಅಕ್ಷರಗಳ ವಿಚಾರವನ್ನು ಕನ್ನಡದ ಡೆವಲಪರ್‌ಗಳು ಬಿಟ್ಟು ಬೇರೆ ಯಾರೂ ನಮಗಾಗಿ ನೋಡಿಕೊಳ್ಳುವುದಿಲ್ಲ. ರಾಜ್‌ಕುಮಾರ್ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗಿ ಕೂಡಿಕೊಳ್ಳದಿರಲಿ ಎಂದು ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಕೂತಿರುತ್ತದೆ. ‘ಅದೃಶ್ಯ ಅಕ್ಷರಗಳನ್ನೆಲ್ಲ ತೆಗೆದುಹಾಕು’ ಎಂಬ ಸಿದ್ಧ ಫಿಲ್ಟರ್ ಓಡಿಸಿದರೆ ಅವರು ರಾಜ್ಕುಮಾರ್ ಆಗುತ್ತಾರೆ. ಹಾಗೆಂದು ಅದನ್ನು ಎಲ್ಲ ಕಡೆ ಬಿಡಲೂ ಆಗದು. ಲಾಗಿನ್ ಹೆಸರಿನಲ್ಲಿ ಬಿಟ್ಟರೆ ನೋಡಲು ಒಂದೇ ಥರ ಇರುವ ಎರಡು ಖಾತೆ ತೆರೆದು ಮೋಸ ಮಾಡಬಹುದು. ವ್ಯಕ್ತಿಯ ಹೆಸರಿನಲ್ಲಿ, ಹಲಂತದ ನಂತರ ಮಾತ್ರ ಬಿಡುವುದು, ಲಾಗಿನ್ ಹೆಸರಿನಲ್ಲಿ ಬಿಡದಿರುವುದು ಸರಿಯಾದ ದಾರಿ.

ಗೋಪಾಲ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟ್‌ಗಳ ಲೆಕ್ಕದಲ್ಲಿ ಬೇರೆ. ಹುಡುಕಿದರೆ ಸಿಗುವುದಿಲ್ಲ, ಒಬ್ಬರೇ ಎರಡು ಸಲ ಸದಸ್ಯರಾಗುತ್ತಾರೆ. ಪರೀಕ್ಷೆಗೆ ಮೊದಲು ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಮಾಡಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಕನ್ನಡ ಅಂಕಿಗಳ ಪ್ರಶ್ನೆಯನ್ನೂ ಈ ಹಂತದಲ್ಲೇ ಮುಗಿಸಬೇಕು. ೫೭೫೦೦೧ ಎಂದು ಪಿನ್ ಕೋಡ್ ಬರೆದರೆ ಪೈಥಾನ್ ಅದನ್ನು ಸಂಖ್ಯೆಯೆಂದು ಒಪ್ಪುತ್ತದೆ, ಪಿಎಚ್‌ಪಿಯ ಪೂರ್ಣಾಂಕ ಫಿಲ್ಟರ್ ಒಪ್ಪುವುದಿಲ್ಲ. ಕನ್ನಡ ಅಂಕಿ ಬರೆದವರು ತಪ್ಪು ಮಾಡಿಲ್ಲ. ನಾವೇ 575001 ಎಂದು ಪರಿವರ್ತಿಸಿಕೊಂಡು ನಂತರ ಪರೀಕ್ಷಿಸಬೇಕು. ಹಾಗೆಯೇ, ‘ಕೊನೆಯ ಹೆಸರು ಕನಿಷ್ಠ ಮೂರು ಅಕ್ಷರ’ ಎಂಬ ನಿಯಮ ಒಂದೇ ಇನಿಷಿಯಲ್ ಇರುವ ನಮ್ಮವರಿಗೆ ಹೊಂದುವುದಿಲ್ಲ. ಹೆಸರಿಗೆ ಒಂದೇ ಪೆಟ್ಟಿಗೆ ಕೊಡಿ.

ತೆಗೆದುಹಾಕುವ ಪಟ್ಟಿಗಳು ಸೋಲುವ ಬಗೆ

‘ಕೆಟ್ಟದ್ದನ್ನು ಪಟ್ಟಿ ಮಾಡಿ ಅಳಿಸೋಣ’ ಎನ್ನುವವರು ಯಾವಾಗಲೂ ಇದ್ದಾರೆ. ಷರಾ ಪೆಟ್ಟಿಗೆಯಲ್ಲಿ <ಸ್ಕ್ರಿಪ್ಟ್> ಎಂಬ ಟ್ಯಾಗ್ (ಮುಂದಿನದು ಕೋಡ್, ಓಡಿಸು ಎಂದು ಬ್ರೌಸರ್‌ಗೆ ಹೇಳುವ ಗುರುತು) ಕಂಡರೆ ಅಳಿಸುವ ಫಿಲ್ಟರ್ ಇದೆ ಎಂದುಕೊಳ್ಳಿ. ಟ್ಯಾಗನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ತೋರಿಸುತ್ತಿದ್ದೇನೆ. ದಾಳಿಕೋರರು ಹೀಗೆ ಬರೆಯುತ್ತಾರೆ:

<ಸ್ಕ್ರಿ<ಸ್ಕ್ರಿಪ್ಟ್>ಪ್ಟ್>

ಫಿಲ್ಟರ್ ನಡುವಿನದನ್ನು ಅಳಿಸುತ್ತದೆ. ಎರಡು ತುಂಡುಗಳು ಹತ್ತಿರ ಬಂದು ಕೂಡಿಕೊಂಡು ಹೊಸ <ಸ್ಕ್ರಿಪ್ಟ್> ಆಗುತ್ತದೆ. ಅದನ್ನು ಕಟ್ಟಿಕೊಟ್ಟದ್ದು ನಮ್ಮ ಫಿಲ್ಟರ್ರೇ. ಕಡತದ ದಾರಿಯಲ್ಲಿ ../ (ಮೇಲಿನ ಫೋಲ್ಡರ್‌ಗೆ ಹೋಗು ಎಂಬ ಗುರುತು) ಅಳಿಸುವ ಕೋಡಿಗೆ ....// ಕೊಟ್ಟರೂ ಇದೇ ಫಲ.

2005ರ ಅಕ್ಟೋಬರ್ 4ರಂದು ಮೈಸ್ಪೇಸ್ ಜಾಲತಾಣದಲ್ಲಿ ಸ್ಯಾಮಿ ಕಾಮ್ಕರ್ ಎಂಬ ಯುವಕ ತನ್ನ ಪ್ರೊಫೈಲ್‌ನಲ್ಲಿ ಒಂದು ಕೋಡ್ ಇಟ್ಟ. ಆ ಪುಟ ನೋಡಿದವರ ಖಾತೆಯಿಂದ ಅವನಿಗೆ ಸ್ನೇಹದ ಕೋರಿಕೆ ತಾನಾಗಿ ಹೋಗುತ್ತಿತ್ತು, ಕೋಡ್ ಅವರ ಪ್ರೊಫೈಲ್‌ಗೂ ನಕಲಾಗುತ್ತಿತ್ತು. 20 ಗಂಟೆಯೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಅದು ಹಬ್ಬಿತು. ಮೈಸ್ಪೇಸ್‌ನಲ್ಲಿ ಫಿಲ್ಟರ್ ಇರಲಿಲ್ಲವೆಂದಲ್ಲ. ‘ಜಾವಾಸ್ಕ್ರಿಪ್ಟ್’ ಎಂಬ ಪದವನ್ನು ಅದು ಅಳಿಸುತ್ತಿತ್ತು. ‘ಜಾವಾ’ ಆದ ಮೇಲೆ ಸಾಲು ಮುರಿದು ಮುಂದಿನ ಸಾಲಿನಲ್ಲಿ ‘ಸ್ಕ್ರಿಪ್ಟ್’ ಬರೆದರೆ ಫಿಲ್ಟರ್‌ಗೆ ಅದು ಬೇರೆ ಪದವಾಗಿ ಕಂಡಿತು, ಕೆಲವು ಬ್ರೌಸರ್‌ಗಳು ಮಾತ್ರ ಎರಡನ್ನೂ ಕೂಡಿಸಿ ಓದಿದವು. ಫಿಲ್ಟರ್ ಓದುವ ರೀತಿಯೂ ಬ್ರೌಸರ್ ಓದುವ ರೀತಿಯೂ ಬೇರೆಯಾದಲ್ಲೆಲ್ಲ ದಾಳಿಗೆ ಜಾಗ ಉಂಟು.

ಅಳಿಸುವ ಫಿಲ್ಟರ್ ಒಳ್ಳೆಯವರಿಗೂ ತೊಂದರೆ ಕೊಡುತ್ತದೆ. ಪಿಎಚ್‌ಪಿಯ ಫಿಲ್ಟರ್‌ಗಳ ಜೊತೆ ‘ಸ್ಯಾನಿಟೈಸ್ ಸ್ಟ್ರಿಂಗ್’ ಎಂಬುದೊಂದಿತ್ತು. ಹೆಸರು ಕೇಳಿ ಇದೊಂದಿದ್ದರೆ ಸಾಕು ಎಂದು ಎಲ್ಲರೂ ಬಳಸಿದರು. ಷರಾದಲ್ಲಿ ‘ಈ ತಿಂಗಳ ಮಳೆ <10 ಮಿ.ಮೀ., ರಾಗಿ ಪೂರ್ತಿ ಒಣಗಿದೆ, ಅವಧಿ ವಿಸ್ತರಿಸಿ’ ಎಂದು ಬರೆದರೆ, < ಚಿಹ್ನೆಯನ್ನು ಟ್ಯಾಗಿನ ಆರಂಭವೆಂದು ತಿಳಿದು ಅಲ್ಲಿಂದ ಕೊನೆಯವರೆಗೆ ಎಲ್ಲವನ್ನೂ ಅಳಿಸುತ್ತಿತ್ತು. ಕಾರ್ಯದರ್ಶಿಗೆ ಕಾಣುವುದು ‘ಈ ತಿಂಗಳ ಮಳೆ’ ಅಷ್ಟೇ. 2021ರ 8.1 ಆವೃತ್ತಿಯಲ್ಲಿ ಅದನ್ನು ಕೈಬಿಡಬೇಕಾದದ್ದು ಎಂದು ಗುರುತು ಮಾಡಿದರು.

ಬಾಗಿಲಲ್ಲೇ ಎಲ್ಲಕ್ಕೂ ಮದ್ದು ಹಾಕುವ ಯೋಚನೆಯ ದೊಡ್ಡ ಪ್ರಯೋಗ ಮ್ಯಾಜಿಕ್ ಕೋಟ್ಸ್. ಒಳಬರುವ ಎಲ್ಲ ಪಠ್ಯದಲ್ಲೂ ಅಪಾಸ್ಟ್ರಫಿಯ ಹಿಂದೆ ಪಿಎಚ್‌ಪಿ ತಾನಾಗಿ ಒಂದು \ ಸೇರಿಸುತ್ತಿತ್ತು. ಉದ್ದೇಶ ಡೇಟಾಬೇಸನ್ನು ಕಾಪಾಡುವುದು. ಆದರೆ ಆ ಪಠ್ಯ ಡೇಟಾಬೇಸ್‌ಗೆ ಹೋಗದೆ ಇಮೇಲ್‌ಗೋ ರಸೀದಿಗೋ ಹೋದರೆ ಆ \ ಅಲ್ಲೇ ಉಳಿಯುತ್ತಿತ್ತು. ಡೆವಲಪರ್ ಮತ್ತೊಮ್ಮೆ ಎಸ್ಕೇಪ್ ಮಾಡಿದರೆ, ಅಂದರೆ ಅಪಾಯದ ಚಿಹ್ನೆಗೆ ಹೀಗೆ ಗುರುತು ಹಾಕಿದರೆ, ಅದು ಇನ್ನೂ ಹೆಚ್ಚಾಗುತ್ತಿತ್ತು. ಒಂದು ಸರ್ವರ್‌ನಲ್ಲಿ ಆನ್, ಇನ್ನೊಂದರಲ್ಲಿ ಆಫ್ ಇದ್ದುದರಿಂದ ಕೋಡ್ ಎಲ್ಲಿ ಸುರಕ್ಷಿತ ಎಂದು ಹೇಳುವುದೇ ಕಷ್ಟವಾಯಿತು. 2009ರಲ್ಲಿ ಬೇಡವೆಂದು ಘೋಷಿಸಿ 2012ರಲ್ಲಿ ಕಿತ್ತುಹಾಕಿದರು. ಯಾವ ಚಿಹ್ನೆ ಅಪಾಯಕಾರಿ ಎಂಬುದು ಚಿಹ್ನೆಯಲ್ಲಿಲ್ಲ, ಅದು ಹೋಗುವ ಜಾಗದಲ್ಲಿದೆ. ಡೇಟಾಬೇಸಿನ ಆದೇಶ ಭಾಷೆಯಾದ ಎಸ್‌ಕ್ಯೂಎಲ್‌ಗೆ ಅಪಾಸ್ಟ್ರಫಿ, ವೆಬ್ ಪುಟದ ಭಾಷೆಯಾದ ಎಚ್‌ಟಿಎಮ್‌ಎಲ್‌ಗೆ <, ಎಕ್ಸೆಲ್‌ಗೆ = . ಬಾಗಿಲಲ್ಲಿ ನಿಂತಾಗ ಪಠ್ಯ ಎಲ್ಲಿಗೆ ಹೋಗುತ್ತದೆಂದು ಗೊತ್ತೇ ಇರುವುದಿಲ್ಲ.

ಡೇಟಾಬೇಸ್‌ಗೆ ಹೋಗುವಾಗ

ಚೆಕ್ ಬರೆಯುವಾಗ ಮೊತ್ತದ ಕೊನೆಗೆ ‘ಮಾತ್ರ’ ಎಂದು ಸೇರಿಸಿ ಗೆರೆ ಎಳೆಯುತ್ತೇವೆ, ನಂತರ ಯಾರೂ ಏನನ್ನೂ ಸೇರಿಸದಿರಲಿ ಎಂದು. ಕ್ವೆರಿಯಲ್ಲಿ ಆ ಕೆಲಸ ಮಾಡುವುದು ಅಪಾಸ್ಟ್ರಫಿ. ಮಾಹಿತಿ ಇಲ್ಲಿಗೆ ಮುಗಿಯಿತು, ಮುಂದಿನದು ಆದೇಶ ಎಂದು ಅದು ಹೇಳುತ್ತದೆ. ಸಂಘದ ಸೈಟಿನಲ್ಲಿ ಕ್ವೆರಿಯನ್ನು ತುಂಡು ಜೋಡಿಸಿ ಕಟ್ಟಿದ್ದಾರೆ ಎಂದಿಟ್ಟುಕೊಳ್ಳಿ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = ' + ಬಂದ ಹೆಸರು + '

ಬಂದ ಹೆಸರು ಡಿ'ಸೋಜ ಆದರೆ ಪಠ್ಯ ‘ಡಿ’ ಎಂಬಲ್ಲಿಗೇ ಮುಗಿದು, ‘ಸೋಜ’ ಎಂಬುದು ಅರ್ಥವಾಗದ ಆದೇಶವಾಗಿ ಎರರ್ ಬರುತ್ತದೆ. ಬಂದ ಹೆಸರು ' ಆರ್ '1'='1 ಆದರೆ ಎರರ್ ಬರುವುದಿಲ್ಲ. ಒಂದು ಒಂದಕ್ಕೆ ಸಮ ಎಂಬ ಷರತ್ತು ಸದಾ ನಿಜವಾದ್ದರಿಂದ ಸಂಘದ ಎಲ್ಲ ಸದಸ್ಯರ ದಾಖಲೆ ಹೊರಬರುತ್ತದೆ. 1998ರ ಡಿಸೆಂಬರ್‌ನಲ್ಲಿ ‘ಫ್ರ್ಯಾಕ್’ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಲ್ ಈ ಬಗೆಯ ದಾಳಿಯನ್ನು ವಿವರಿಸಿದ್ದರು. ಅದಾಗಿ ಸುಮಾರು ಹದಿನೇಳು ವರ್ಷಕ್ಕೆ, 2015ರ ಅಕ್ಟೋಬರ್‌ನಲ್ಲಿ, ಬ್ರಿಟನ್ನಿನ ಟಾಕ್‌ಟಾಕ್ ಟೆಲಿಕಾಂ ಕಂಪನಿಯ 1,56,959 ಗ್ರಾಹಕರ ಮಾಹಿತಿ ಇದೇ ದಾರಿಯಲ್ಲಿ ಹೋಯಿತು. ಬೇರೆ ಕಂಪನಿಯನ್ನು ಕೊಂಡಾಗ ಜೊತೆಗೆ ಬಂದಿದ್ದ ಹಳೆಯ ಪುಟಗಳಲ್ಲಿ ದೋಷವಿತ್ತು. ಮರುವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು.

ಪರಿಹಾರ ಬಹಳ ಹಿಂದಿನಿಂದಲೂ ಇದೆ: ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಹೆಸರು ಬರಬೇಕಾದ ಜಾಗದಲ್ಲಿ ಬರೀ ? ಇಟ್ಟು ಕ್ವೆರಿಯನ್ನು ಮೊದಲು ಕಳುಹಿಸುತ್ತೇವೆ. ಡೇಟಾಬೇಸ್ ಅದನ್ನು ಓದಿ, ಆದೇಶ ಏನೆಂದು ನಿರ್ಧರಿಸಿ ಮುಗಿಸುತ್ತದೆ. ಹೆಸರು ಆಮೇಲೆ ಬೇರೆಯಾಗಿ ಹೋಗುತ್ತದೆ. ಅದರೊಳಗೆ ಎಷ್ಟು ಅಪಾಸ್ಟ್ರಫಿ ಇದ್ದರೂ ಆದೇಶವನ್ನು ಓದುವ ಹಂತ ದಾಟಿಹೋಗಿದೆ. ಏನನ್ನೂ ಅಳಿಸಬೇಕಿಲ್ಲ, ಯಾವ ಹೆಸರನ್ನೂ ತಿರಸ್ಕರಿಸಬೇಕಿಲ್ಲ. ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಪಿಡಿಒ ಎಂಬ ಸೌಲಭ್ಯ ಮೈಎಸ್‌ಕ್ಯೂಎಲ್ ಜೊತೆ ಡಿಫಾಲ್ಟ್ ಆಗಿ ಇದನ್ನು ಅನುಕರಿಸುತ್ತದೆ ಅಷ್ಟೇ, ಕೋಟ್ ಹಾಕುವ ಕೆಲಸವನ್ನು ತಾನೇ ಮಾಡಿ ಒಂದೇ ಕ್ವೆರಿ ಕಳುಹಿಸುತ್ತದೆ. ಸಂಪರ್ಕದ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಸರಿಯಾಗಿ ಹೇಳಿದ್ದರೆ ಅದೂ ಸುರಕ್ಷಿತವೇ. ನಾನಂತೂ ಈ ಅನುಕರಣೆಯನ್ನು (ಎಮ್ಯುಲೇಶನ್) ಆಫ್ ಮಾಡಿ ನಿಜವಾದದ್ದನ್ನೇ ಬಳಸುವ ಪಕ್ಷ.

ಒಂದು ಕಡೆ ಮಾತ್ರ ? ಕೆಲಸಕ್ಕೆ ಬಾರದು. ಪಟ್ಟಿಯನ್ನು ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂಬುದು ವಿಳಾಸದ ಸಾಲಿನಿಂದ ಬರುತ್ತಿದ್ದರೆ, ಕಾಲಂ ಹೆಸರಿನ ಜಾಗದಲ್ಲಿ ? ಇಡಲಾಗದು, ಏಕೆಂದರೆ ಅದು ಆದೇಶದ ಭಾಗ. ಅಲ್ಲಿ ‘ಹೆಸರು’, ‘ದಿನಾಂಕ’, ‘ಮೊತ್ತ’ ಎಂಬ ಒಪ್ಪಿಗೆಯ ಪಟ್ಟಿಯನ್ನು ಕೋಡಿನಲ್ಲೇ ಇಟ್ಟು, ಬಂದದ್ದು ಅದರಲ್ಲಿ ಒಂದಾಗಿದ್ದರೆ ನಮ್ಮ ಪಟ್ಟಿಯ ಪದವನ್ನೇ ಕ್ವೆರಿಗೆ ಹಾಕಬೇಕು.

ತೆರೆಗೆ, ಎಕ್ಸೆಲ್‌ಗೆ, ಡಿಸ್ಕಿಗೆ ಹೋಗುವಾಗ

ಷರಾದಲ್ಲಿ ಸ್ಕ್ರಿಪ್ಟ್ ಬರೆದವರು ಗುರಿಯಿಡುವುದು ಕಾರ್ಯದರ್ಶಿಯ ತೆರೆಯನ್ನು. ಅರ್ಜಿಗಳ ಪಟ್ಟಿ ತೆರೆದಾಗ ಆ ಕೋಡ್ ಕಾರ್ಯದರ್ಶಿಯ ಲಾಗಿನ್‌ನ ಬಲದಲ್ಲಿ ಓಡುತ್ತದೆ. ಅವರು ಮಾಡಬಹುದಾದದ್ದನ್ನೆಲ್ಲ, ಸಾಲದ ಮಂಜೂರಾತಿ ಸಹಿತ, ಅವರಿಗೆ ಗೊತ್ತಿಲ್ಲದೆ ಮಾಡಬಲ್ಲದು. ಇದಕ್ಕೆ ಷರಾವನ್ನು ಅಳಿಸಬೇಕಿಲ್ಲ. ಪುಟಕ್ಕೆ ಬರೆಯುವ ಗಳಿಗೆಯಲ್ಲಿ < ಚಿಹ್ನೆಯನ್ನು &#60; ಎಂದು ಬದಲಿಸಿದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ಓದದೆ ಚಿಹ್ನೆಯಾಗಿ ತೋರಿಸುತ್ತದೆ. ಮಳೆ <10 ಎಂದು ಬರೆದವರ ಮಾತೂ ಪೂರ್ತಿ ಕಾಣುತ್ತದೆ. ಪುಟ ಕಟ್ಟಲು ಬಳಸುವ ಟ್ವಿಗ್, ಜ್ಯಾಂಗೊ, ರಿಯಾಕ್ಟ್ ಎಂಬ ತಂತ್ರಾಂಶಗಳು ಇದನ್ನು ತಾವಾಗಿ ಮಾಡುತ್ತವೆ. ಪಿಎಚ್‌ಪಿಯ ಎಚ್‌ಟಿಎಮ್‌ಎಲ್‌ಸ್ಪೆಷಲ್‌ಚಾರ್ಸ್ 8.1 ಆವೃತ್ತಿಗೆ ಮೊದಲು ಅಪಾಸ್ಟ್ರಫಿಯನ್ನು ಡಿಫಾಲ್ಟ್ ಆಗಿ ಮುಟ್ಟುತ್ತಿರಲಿಲ್ಲ. ಹಳೆಯ ಸರ್ವರ್‌ಗಳಲ್ಲಿ ಎರಡೂ ಬಗೆಯ ಕೋಟ್‌ಗಳನ್ನು ಬದಲಿಸಲು ಹೇಳಲೇಬೇಕು.

ಪುಟದೊಳಗೂ ಜಾಗಗಳು ಬೇರೆಬೇರೆ. ಅರ್ಜಿದಾರರು ಕೊಟ್ಟ ವೆಬ್ ವಿಳಾಸವನ್ನು ಲಿಂಕ್ ಮಾಡಿ ತೋರಿಸುವಾಗ, ಅದು ‘ಜಾವಾಸ್ಕ್ರಿಪ್ಟ್:’ ಎಂದು ಶುರುವಾಗಿದ್ದರೆ ಮೇಲಿನ ಬದಲಾವಣೆ ಏನನ್ನೂ ತಡೆಯದು, ಅದರಲ್ಲಿ < ಇಲ್ಲವೇ ಇಲ್ಲ. ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್‌ನಿಂದ ಶುರುವಾದದ್ದನ್ನು ಮಾತ್ರ ಲಿಂಕ್ ಮಾಡಬೇಕು. ದಪ್ಪ ಅಕ್ಷರ, ಪಟ್ಟಿ ಇತ್ಯಾದಿ ಬರೆಯಲು ಬಿಡುವ ಎಡಿಟರ್ ಇದ್ದರೆ ಎಚ್‌ಟಿಎಮ್‌ಎಲ್ ಪ್ಯೂರಿಫೈಯರ್, ಡಾಮ್‌ಪ್ಯೂರಿಫೈನಂಥ ಪಳಗಿದ ಲೈಬ್ರರಿ ಬಳಸಿ. ಸ್ವಂತ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯಲು ಹೋಗಬೇಡಿ.

ಕಾರ್ಯದರ್ಶಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತಾರೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹಾಗೆ ಇಳಿಸುವ ಸಿಎಸ್‌ವಿ ಕಡತದ (ಅಲ್ಪವಿರಾಮದಿಂದ ಕೋಶಗಳನ್ನು ಬೇರ್ಪಡಿಸಿದ ಪಠ್ಯ) ಕೋಶ = ಅಥವಾ + ಅಥವಾ - ಅಥವಾ @ ಚಿಹ್ನೆಯಿಂದ ಶುರುವಾದರೆ ಎಕ್ಸೆಲ್ ಅದನ್ನು ಸೂತ್ರವೆಂದು ಓದುತ್ತದೆ. ಡೇಟಾಬೇಸ್‌ನಲ್ಲೂ ಪುಟದಲ್ಲೂ ಯಾವ ತೊಂದರೆಯೂ ಕೊಡದ ಷರಾ ಅಲ್ಲಿ ಓಡತೊಡಗುತ್ತದೆ. ಸಿಎಸ್‌ವಿ ಬರೆಯುವಾಗ ಅಂಥ ಕೋಶದ ಪಠ್ಯದ ಆರಂಭಕ್ಕೆ ಒಂದು ಅಪಾಸ್ಟ್ರಫಿ ಸೇರಿಸುವುದು ರೂಢಿ.

ಪಹಣಿ ಕಡತಕ್ಕೆ ಅದರ ಜೊತೆ ಬಂದ ಹೆಸರನ್ನು ಇಡದೆ ನಾವೇ ಯಾದೃಚ್ಛಿಕ ಹೆಸರಿಟ್ಟು, ವೆಬ್‌ನಿಂದ ನೇರವಾಗಿ ತೆರೆಯಲಾಗದ ಫೋಲ್ಡರ್‌ನಲ್ಲಿ ಇಡಬೇಕು. ಬಗೆಯನ್ನು ಕಡತದ ಒಳಗನ್ನು ನೋಡಿ ತಿಳಿಯಬೇಕು, ಗಾತ್ರಕ್ಕೆ ಮಿತಿ ಹಾಕಬೇಕು.

ಈಗಾಗಲೇ ಓಡುತ್ತಿರುವ ಸೈಟ್ ಕೈಗೆ ಬಂದಿದ್ದರೆ, ತುಂಡು ಜೋಡಿಸಿ ಕಟ್ಟಿದ ಕ್ವೆರಿಗಳನ್ನು ಮೊದಲು ಹುಡುಕಿ ಬದಲಿಸಿ. ನಂತರ ತೆರೆಗೆ ಬರೆಯುವ ಜಾಗಗಳು. ಬಾಗಿಲಲ್ಲಿ ಎಸ್ಕೇಪ್ ಮಾಡುವ ಹಳೆಯ ಕೋಡನ್ನು ಇವೆರಡೂ ಮುಗಿದ ಮೇಲೆ ಮಾತ್ರ ತೆಗೆಯಿರಿ, ಮೊದಲೇ ತೆಗೆದರೆ ಇದ್ದ ಅರೆಬರೆ ರಕ್ಷಣೆಯೂ ಹೋಗುತ್ತದೆ. ಕೊನೆಗೆ ಉಳಿಯುವುದು ಡೇಟಾಬೇಸ್‌ನಲ್ಲಿ ವರ್ಷಗಳಿಂದ &#039; ಎಂದೂ \' ಎಂದೂ ಕೂತಿರುವ ಹೆಸರುಗಳು. ಬ್ಯಾಕಪ್ ತೆಗೆದುಕೊಂಡು, ಅವನ್ನು ಪಟ್ಟಿ ಮಾಡಿ, ಒಂದು ಸಲ ಬಿಡಿಸಿ, ಬಂದ ಫಲವನ್ನು ಕಣ್ಣಿಂದ ನೋಡಿ. ಕೆಲವು ಹೆಸರು ಎರಡು ಸಲ ಎಸ್ಕೇಪ್ ಆಗಿರುತ್ತವೆ, ಅವಕ್ಕೆ ಮಾತ್ರ ಎರಡನೆಯ ಸಲ ಬೇಕು. ಎಲ್ಲ ಸಾಲುಗಳ ಮೇಲೂ ಕುರುಡಾಗಿ ಎರಡು ಸಲ ಓಡಿಸಿದರೆ, ಷರಾದಲ್ಲಿ ಯಾರೋ ಬೇಕೆಂದೇ ಹಾಗೆ ಬರೆದ ಪಠ್ಯವೂ ಬದಲಾಗಿಬಿಡುತ್ತದೆ.